ಆರೈಕೆ ಮಾಡುವವರಿಗೂ ಬಿಡುವು: ಮೂರ್ನಾಡಿಗೆ ಹೊಂದುವ ಹಗಲು ಆರೈಕೆ ಹೇಗಿರಬೇಕು?

ಮನೆಯಲ್ಲೇ ಇರುವ, ಆದರೆ ಒಬ್ಬರನ್ನೇ ಬಿಟ್ಟುಹೋಗಲು ಆಗದ ವ್ಯಕ್ತಿಯನ್ನು ದಿನದ ಕೆಲವು ಗಂಟೆ ನೋಡಿಕೊಳ್ಳುವ ಏರ್ಪಾಡು ಹಗಲು ಆರೈಕೆ. ಬೆಳಿಗ್ಗೆ ಕೇಂದ್ರಕ್ಕೆ ಬಂದವರು ಸಂಜೆ ತಮ್ಮ ಮನೆ ಸೇರುತ್ತಾರೆ. ವೈದ್ಯರು ರೆಸ್ಪೈಟ್ ಕೇರ್ ಎನ್ನುವ ಬಿಡುವಿನ ಆರೈಕೆಯ ವ್ಯಾಪ್ತಿ ಇದಕ್ಕಿಂತ ದೊಡ್ಡದು. ಕಾರ್ಯಕರ್ತೆಯೊಬ್ಬರು ಮನೆಗೇ ಬಂದು ಎರಡು ಗಂಟೆ ಜೊತೆಗಿರುವುದು, ವಾರದಲ್ಲಿ ಕೆಲವು ಹಗಲು ಕೇಂದ್ರದಲ್ಲಿ ಕಳೆಯುವುದು, ಮನೆಯವರು ಆಸ್ಪತ್ರೆಗೋ ಮದುವೆಗೋ ಹೋಗಬೇಕಾದಾಗ ಮೂರು ನಾಲ್ಕು ರಾತ್ರಿ ತಂಗುವುದು, ಎಲ್ಲವೂ ಇದರೊಳಗೆ ಬರುತ್ತವೆ. ಇದರಿಂದ ಪ್ರಯೋಜನ ಪಡೆಯುವವರು ಇಬ್ಬರು: ಆರೈಕೆ ಬೇಕಾದವರು ಮತ್ತು ಹಗಲಿರುಳು ಆ ಆರೈಕೆಯನ್ನು ಹೊತ್ತವರು.

ಆರೈಕೆ ಬೇಕಾದವರು ಒಂದೇ ಬಗೆಯವರಲ್ಲ. ಮರೆವಿನ ಕಾಯಿಲೆಯ (ಡಿಮೆನ್ಷಿಯಾ) ಹಿರಿಯರು, ಪಾರ್ಶ್ವವಾಯುವಿನಿಂದ ಕೈಕಾಲು ಸ್ವಾಧೀನ ಕಳೆದುಕೊಂಡವರು, ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಮತ್ತು ದೊಡ್ಡವರು, ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಮುಖ್ಯವಾಗಿ ಈ ಪಟ್ಟಿಯಲ್ಲಿದ್ದಾರೆ. ಭಾರತದ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜಿಸಿತು. ಇವರನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದು, ದಿನಕ್ಕೆ ಸರಾಸರಿ 140 ನಿಮಿಷ ಕೊಡುತ್ತಾರೆ. ಅದೇ ವಯಸ್ಸಿನ ಪುರುಷರಲ್ಲಿ ಈ ಕೆಲಸಕ್ಕೆ ಕೈಹಾಕುವವರು ಶೇ 21.4, ಅವರು ಕೊಡುವ ಸಮಯ 74 ನಿಮಿಷ. ಮಕ್ಕಳ ಪಾಲನೆಯೂ ಸೇರಿದ ಸರಾಸರಿ ಇದು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಆರೈಕೆಗೆ ಹೊತ್ತುಗೊತ್ತು ಇರುವುದಿಲ್ಲ.

ಈ ಸೇವೆಗಳನ್ನು ಊರಮಟ್ಟದಲ್ಲಿ ಹೊಸದಾಗಿ ರೂಪಿಸುವಾಗ ಸಾಮಾನ್ಯವಾಗಿ ಕಟ್ಟಡ ಮೊದಲು ಬರುತ್ತದೆ, ಹಾಸಿಗೆಗಳ ಲೆಕ್ಕ ನಂತರ, ಅಲ್ಲಿಗೆ ಬರುವ ದಾರಿ ಕೊನೆಗೆ. ಕೊಡಗಿನಂಥ ಗುಡ್ಡಗಾಡಿನಲ್ಲಿ ಈ ಕ್ರಮ ತಿರುವುಮುರುವಾಗಬೇಕಾಗುತ್ತದೆ. ಆರೈಕೆ ಮಾಡುವವರಿಗೆ ಯಾವ ತಿಂಗಳು, ಯಾವ ದಿನ, ಎಷ್ಟು ಗಂಟೆ ಬಿಡುವು ಬೇಕು ಎಂಬಲ್ಲಿಂದ ಶುರುಮಾಡಿ, ರಸ್ತೆ, ಸಿಬ್ಬಂದಿ, ಕೋಣೆಗಳ ಕಡೆಗೆ ಬರಬೇಕು. ಮೂರ್ನಾಡು ಇದಕ್ಕೆ ತಕ್ಕ ಉದಾಹರಣೆ.

ಚದುರಿದ ಮನೆಗಳು, ಮೂರು ಹಂಗಾಮು

ಮೂರ್ನಾಡು ಮಡಿಕೇರಿ ತಾಲ್ಲೂಕಿನ ಪೇಟೆ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ ಸುಮಾರು 15 ಕಿ.ಮೀ. ದೂರದಲ್ಲಿದೆ, ನಾಪೋಕ್ಲು ಕಡೆಯ ರಸ್ತೆಯೂ ಇಲ್ಲೇ ಕೂಡುತ್ತದೆ. ಸುತ್ತಲಿನ ಹಳ್ಳಿಗಳ ಜನ ಅಂಗಡಿ, ಬ್ಯಾಂಕು, ಶಾಲೆ, ಕಾಲೇಜು, ಬಸ್ಸಿಗೆಂದು ಬರುವ ಜಾಗ ಇದು. ಮನೆಗಳು ಮಾತ್ರ ಪೇಟೆಯಲ್ಲಿ ಒತ್ತಾಗಿಲ್ಲ. ಕಾಫಿ ತೋಟ, ಗದ್ದೆ, ದೇವರಕಾಡುಗಳ ನಡುವೆ ಒಂದೊಂದಾಗಿ ಹರಡಿವೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. 4,102 ಚದರ ಕಿ.ಮೀ. ಹರಡಿದ ಜಿಲ್ಲೆಯಲ್ಲಿ ಜನಸಾಂದ್ರತೆ ಚದರ ಕಿ.ಮೀ.ಗೆ 135. ಹಿಂದಿನ ಹತ್ತು ವರ್ಷಗಳಲ್ಲಿ ಜನಸಂಖ್ಯೆ ಬೆಳೆದದ್ದು ಶೇ 1ರಷ್ಟು ಮಾತ್ರ. ಓದಿಗೂ ಉದ್ಯೋಗಕ್ಕೂ ಯುವಜನ ಬೆಂಗಳೂರು, ಮೈಸೂರು, ಸೇನೆ, ಹೊರದೇಶಗಳಿಗೆ ಹೋಗುವ ಜಿಲ್ಲೆಯಲ್ಲಿ ಹಿರಿಯರಿಬ್ಬರೇ ಉಳಿದ ತೋಟದ ಮನೆಗಳು ಅಪರೂಪವಲ್ಲ.

ಆರೈಕೆಯ ಹೊರೆ ಎಲ್ಲ ಮನೆಗಳಲ್ಲೂ ಒಂದೇ ರೀತಿ ಇಲ್ಲ. ದೊಡ್ಡ ತೋಟದ ಮನೆಯಲ್ಲಿ ಸಂಬಳಕ್ಕೆ ಆಳು ಇಡುವ ಶಕ್ತಿ ಇರಬಹುದು, ಆದರೆ ರಾತ್ರಿ ಉಳಿಯಲು ಒಪ್ಪುವವರು ಸಿಗುವುದು ಕಷ್ಟ. ಸಣ್ಣ ಬೆಳೆಗಾರರ ಮನೆಯಲ್ಲಿ ಸೊಸೆಯೋ ಮಗಳೋ ಹಿರಿಯರ ಆರೈಕೆ, ಕೊಟ್ಟಿಗೆ, ತೋಟ ಮೂರನ್ನೂ ನಿಭಾಯಿಸುತ್ತಾಳೆ. ತೋಟ ಕಾರ್ಮಿಕರ ಲೈನ್ ಮನೆ, ಸರ್ಕಾರಿ ಜಾಗದ ಪೈಸಾರಿ, ಆದಿವಾಸಿಗಳ ಹಾಡಿಗಳಲ್ಲಿ ಕತೆ ಬೇರೆ. ಅಲ್ಲಿ ಗಂಡಹೆಂಡಿರಿಬ್ಬರೂ ಕೂಲಿಗೆ ಹೋಗಲೇಬೇಕು. ಅಂಗವೈಕಲ್ಯವಿರುವ ಮಗುವನ್ನು ನೋಡಿಕೊಳ್ಳಲು ತಾಯಿ ಮನೆಯಲ್ಲಿ ನಿಂತರೆ ಅರ್ಧ ಸಂಪಾದನೆ ನಿಂತಂತೆ. ಹೋದರೆ ಮಗುವಿನ ಕಾವಲಿಗೆ ಅಕ್ಕನೋ ಅಣ್ಣನೋ ಶಾಲೆ ಬಿಡಬೇಕಾಗುತ್ತದೆ.

ವರ್ಷದ ಹಂಗಾಮೂ ಬಿಡುವಿನ ಬೇಡಿಕೆಯನ್ನು ಏರಿಳಿಸುತ್ತದೆ. ನವೆಂಬರ್‌ನಿಂದ ಅರೇಬಿಕಾ, ಆಮೇಲೆ ರೊಬಸ್ಟಾ ಕೊಯ್ಲು ಮಾರ್ಚ್‌ವರೆಗೂ ನಡೆಯುತ್ತದೆ. ಅದರ ಬೆನ್ನಿಗೆ ಕರಿಮೆಣಸು, ಹೂವಿಗೆ ನೀರು ಹಾಯಿಸುವ ಕೆಲಸ. ಮನೆಯ ಪ್ರತಿ ಕೈಗೂ ಕೆಲಸವಿರುವ ತಿಂಗಳುಗಳಿವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರ ತಿರುವುಮುರುವು: ಕೂಲಿ ಕಡಿಮೆ, ರಸ್ತೆ ಕೆಸರು, ದಿನಗಟ್ಟಲೆ ಕರೆಂಟ್ ಇಲ್ಲ. ಮಡಿಕೇರಿಯ ವಾರ್ಷಿಕ ಸರಾಸರಿ ಮಳೆ 3,000 ಮಿ.ಮೀ. ದಾಟುತ್ತದೆ. ಕಾವೇರಿ ಉಕ್ಕಿದರೆ ನಾಪೋಕ್ಲು-ಮೂರ್ನಾಡು ರಸ್ತೆಯ ಬೊಳಿಬಾಣೆಯಲ್ಲಿ ನೀರು ನಿಲ್ಲುತ್ತದೆ, ವಿರಾಜಪೇಟೆ ದಾರಿಯ ಬೇತ್ರಿಯಲ್ಲೂ ಆತಂಕ ಶುರುವಾಗುತ್ತದೆ. ಆಗ ಕೇಂದ್ರಕ್ಕೆ ಬರುವುದೇ ಆಗದ ಕುಟುಂಬಗಳಿಗೆ ಸೇವೆ ಮನೆಬಾಗಿಲಿಗೆ ಹೋಗಬೇಕು. ವರ್ಷವಿಡೀ ಒಂದೇ ವೇಳಾಪಟ್ಟಿ ಹಿಡಿದ ಕೇಂದ್ರ ಇಲ್ಲಿ ಅರ್ಧ ವರ್ಷ ಇಕ್ಕಟ್ಟಾಗಿ, ಇನ್ನರ್ಧ ಖಾಲಿಯಾಗಿ ಇರುತ್ತದೆ.

ಕಾನೂನು ಕೊಟ್ಟದ್ದು, ಬಿಟ್ಟದ್ದು

ಕಾನೂನಿನ ಮಟ್ಟದಲ್ಲಿ ಬೆಂಬಲ ಕಡಿಮೆಯಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಆ ನ್ಯಾಸದ ದಿಶಾ ಯೋಜನೆ ಹತ್ತು ವರ್ಷದೊಳಗಿನ ಮಕ್ಕಳ ಆರಂಭಿಕ ತರಬೇತಿಗೆ, ವಿಕಾಸ್ ಯೋಜನೆ ಹತ್ತು ವರ್ಷ ದಾಟಿದವರಿಗೆ ದಿನಕ್ಕೆ ಕನಿಷ್ಠ ಆರು ಗಂಟೆಯ ಹಗಲು ಆರೈಕೆಗೆ, ಸಮರ್ಥ್ ಬಿಡುವಿನ ಆರೈಕೆಗೆ, ಘರೌಂದಾ ದೊಡ್ಡವರ ಜೀವನಪರ್ಯಂತದ ವಸತಿಗೆ ಎಂದು ರೂಪುಗೊಂಡವು. ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ, ಸಹಯೋಗಿಯಲ್ಲಿ ಆರೈಕೆದಾರರ ತರಬೇತಿ. ಆದರೆ ಕೇಂದ್ರಗಳನ್ನು ನಡೆಸಬೇಕಾದದ್ದು ನ್ಯಾಸದಲ್ಲಿ ನೋಂದಾಯಿತವಾದ ಸಂಸ್ಥೆಗಳು. ಅಂಥ ಸಂಸ್ಥೆ ಇಲ್ಲದ ಕಡೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಜಿಲ್ಲೆಗೊಂದಾದರೂ, 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮದ ಮಾತಾಡುತ್ತದೆ. ಜೀವನಾಂಶಕ್ಕೆ ನ್ಯಾಯಮಂಡಳಿಯ ದಾರಿ ತೋರಿಸುತ್ತದೆ. ಮಕ್ಕಳು ಕೈಬಿಟ್ಟ ಹಿರಿಯರು ಅದರ ಕಣ್ಣಮುಂದಿದ್ದಾರೆ. ಮಕ್ಕಳು ಕೈಬಿಡದೆ, ನೋಡಿಕೊಳ್ಳುತ್ತಲೇ ದಣಿದ ಮನೆಗಳಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಂದೆತಾಯಿ, ಮನೆಯವರನ್ನೂ ಆರೈಕೆದಾರರೆಂದು ಗುರುತಿಸಿತು. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಪ್ರಸ್ತಾಪ ಮಾಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಸಮುದಾಯದ ನಡುವೆ ಬದುಕುವ ಹಕ್ಕನ್ನು ಒಪ್ಪಿತು.

ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಮತ್ತು ಅಂಗವಿಕಲರ ಮಾಸಾಶನಗಳಿವೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ಬಜೆಟ್‌ನಲ್ಲಿ ಘೋಷಣೆಯಾಯಿತು. ಹಿರಿಯ ನಾಗರಿಕರಿಗೆ ಹಗಲು ಯೋಗಕ್ಷೇಮ ಕೇಂದ್ರಗಳು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಮಾನಸಧಾರಾ ಕೇಂದ್ರಗಳು ಇವೆ; ಅವು ನಿಂತಿರುವುದು ದೊಡ್ಡ ನಗರ, ಜಿಲ್ಲಾ ಕೇಂದ್ರಗಳಲ್ಲಿ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಮಾಸಾಶನ, ಗುರುತಿನ ಚೀಟಿ, ವಿಮೆ, ಸಾಧನ ಸಲಕರಣೆ ಹಳ್ಳಿಯ ಮನೆಯವರೆಗೂ ಬರಬಲ್ಲವು. ಆರೈಕೆ ಮಾಡುವವಳಿಗೆ ಮಂಗಳವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಖಚಿತವಾದ ಬಿಡುವು ಮಾತ್ರ ಬರುವುದಿಲ್ಲ.

ಕೊಡಗಿನೊಳಗೆ, ಕೊಡಗಿನ ನೆರೆಯಲ್ಲಿ

ಕೊಡಗಿಗೆ ಈ ಕ್ಷೇತ್ರ ತೀರ ಹೊಸದೇನಲ್ಲ. ಟಾಟಾ ಕಾಫಿಯ ಬೆಂಬಲದಿಂದ ಬೆಳೆದ ಕೂರ್ಗ್ ಫೌಂಡೇಶನ್ ಸುಂಟಿಕೊಪ್ಪದಲ್ಲಿ 'ಸ್ವಸ್ಥ' ವಿಶೇಷ ಶಿಕ್ಷಣ ಮತ್ತು ಪುನರ್ವಸತಿ ಕೇಂದ್ರವನ್ನು ನಡೆಸುತ್ತಿದೆ. ಪಾಲಿಬೆಟ್ಟದಲ್ಲಿ ಚೆಷೈರ್ ಹೋಮ್ಸ್ ಸಂಸ್ಥೆಯ ವಿಶೇಷ ಶಾಲೆ ಇದೆ. ಮಡಿಕೇರಿಯಲ್ಲಿ 2016ರಲ್ಲಿ ಶುರುವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ತಜ್ಞರ ಸಲಹೆಯನ್ನು ಹತ್ತಿರ ತಂದಿದೆ. ಆದರೆ ಮೂರ್ನಾಡಿನ ಒಳಹಳ್ಳಿಯಿಂದ ಸುಂಟಿಕೊಪ್ಪ ತಲುಪಲು ಮಡಿಕೇರಿಯಲ್ಲಿ ಬಸ್ ಬದಲಿಸಬೇಕು. ಬಸ್ ಹತ್ತಲಾಗದ ಮಗುವನ್ನು ಎತ್ತಿಕೊಂಡು ದಿನಾ ಈ ದಾರಿ ಸವೆಸುವುದು ತಾಯಿಗೆ ಬಿಡುವಲ್ಲ, ಇನ್ನೊಂದು ದುಡಿಮೆ. ಜೊತೆಗೆ, ವಿಶೇಷ ಶಾಲೆಗಳ ಮುಖ್ಯ ಗಮನ ಮಕ್ಕಳ ಮೇಲಿರುವುದು ಸಹಜ. ಮೂವತ್ತೈದರ ಮಗ, ಎಪ್ಪತ್ತರ ತಾಯಿ ಇರುವ ಮನೆಗೆ ಬೇರೆಯೇ ಉತ್ತರ ಬೇಕು.

ಗಟ್ಟದ ಕೆಳಗೆ ಇನ್ನೊಂದು ಅನುಭವವಿದೆ. ದಕ್ಷಿಣ ಕನ್ನಡದಲ್ಲಿ ಸುಮಾರು ಎರಡು ದಶಕ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಣೆ ನಡೆದು 2000ದ ಹೊತ್ತಿಗೆ ನಿಂತಿತು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಈ ಕೀಟನಾಶಕವನ್ನು ತಡೆಯಿತು. ಅದರಿಂದ ಅಂಗವೈಕಲ್ಯಕ್ಕೆ ತುತ್ತಾದ ಪೀಡಿತರಿಗಾಗಿ ಕೊಕ್ಕಡ ಮತ್ತು ಕೊಯಿಲದಲ್ಲಿ ಎಂಡೋ ಪಾಲನಾ ಕೇಂದ್ರಗಳು ತೆರೆದವು. ಸರ್ಕಾರದ ನೆರವು, ಸ್ವಯಂಸೇವಾ ಸಂಸ್ಥೆಯ ಆಡಳಿತ ಎಂಬ ಮಾದರಿ ಅದು. ವಾಹನದಲ್ಲಿ ಕರೆತಂದು, ಫಿಸಿಯೋಥೆರಪಿ, ಊಟ, ತರಬೇತಿ ಕೊಟ್ಟು ಸಂಜೆ ಮನೆಗೆ ಬಿಡುವ ಕ್ರಮ ಅಲ್ಲಿ ಬೆಳೆಯಿತು. ತಂದೆತಾಯಿಗೆ ವಯಸ್ಸಾಗುತ್ತಿದ್ದಂತೆ 'ನಮ್ಮ ಕಾಲಾನಂತರ ಯಾರು' ಎಂಬ ಪ್ರಶ್ನೆ ಎದ್ದು, ಶಾಶ್ವತ ಪುನರ್ವಸತಿ ಕೇಂದ್ರದ ಬೇಡಿಕೆಯೂ ಅಲ್ಲಿಂದಲೇ ಬಂತು. ಹಗಲು ಆರೈಕೆ ಒಂದೇ ಸಾಲದು, ರಾತ್ರಿಯ ತಂಗುದಾಣವೂ ದೀರ್ಘಕಾಲದ ವಸತಿಯೂ ಅದಕ್ಕೆ ಜೋಡಿಯಾಗಿರಬೇಕು ಎಂಬುದು ಆ ಅನುಭವದ ಪಾಠ.

ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಆಸರೆಯಲ್ಲಿ, ಬುದ್ಧಿಮಾಂದ್ಯ ಇರುವವರಿಗಾಗಿ ಬೆಳೆದ 'ಬಡ್ಸ್' ಕೇಂದ್ರಗಳು ಪಂಚಾಯಿತಿಯನ್ನೇ ನಡುವಿಗೆ ತಂದವು. ಮೊದಲ ಬಡ್ಸ್ ಶಾಲೆ 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರು ಪಂಚಾಯಿತಿಯಲ್ಲಿ ಶುರುವಾಯಿತು. ಈಗ ಕೇರಳದಾದ್ಯಂತ ಇಂಥ 300ಕ್ಕೂ ಹೆಚ್ಚು ಸಂಸ್ಥೆಗಳಿವೆ. 18 ವರ್ಷದವರೆಗೆ ಶಾಲೆ, ಅನಂತರ ಪುನರ್ವಸತಿ ಕೇಂದ್ರ ಎಂಬ ಎರಡು ಹಂತ. ಕಾಸರಗೋಡಿನ ಎಂಡೋಸಲ್ಫಾನ್ ಪೀಡಿತ ಪಂಚಾಯಿತಿಗಳಲ್ಲಿ, ಕನ್ನಡ, ತುಳು ಮಾತಾಡುವ ಮನೆಗಳ ಮಕ್ಕಳಿಗೂ ಇವು ಆಸರೆಯಾದವು. ಹಿರಿಯರಿಗಾಗಿ ಅಲ್ಲಿನ ಪಂಚಾಯಿತಿಗಳು 'ಪಗಲ್‌ವೀಡು' ಎಂಬ ಹಗಲುಮನೆಗಳನ್ನೂ ತೆರೆದಿವೆ. ಕೊಡಗಿನ ಗಡಿಗೆ ತಾಗಿದ ಕಣ್ಣೂರು, ವಯನಾಡು, ಕಾಸರಗೋಡುಗಳಲ್ಲೇ ಈ ಪ್ರಯೋಗಗಳು ನೋಡಸಿಗುತ್ತವೆ.

ಮನೆಗೆ ಹೋಗುವ ಸೇವೆಗೆ ಗೋವಾದ ಒಂದು ಅಧ್ಯಯನ ದಾರಿ ತೋರುತ್ತದೆ. 2008ರಲ್ಲಿ ಪ್ರಕಟವಾದ ಅದರಲ್ಲಿ ಡಿಮೆನ್ಷಿಯಾ ಇರುವ 81 ಕುಟುಂಬಗಳಿದ್ದವು. ವೈದ್ಯರಲ್ಲದ, ಕೆಲವು ದಿನಗಳ ತರಬೇತಿ ಪಡೆದ ಸ್ಥಳೀಯರು ತಜ್ಞರ ಮೇಲ್ವಿಚಾರಣೆಯಲ್ಲಿ ಆರು ತಿಂಗಳು ಮನೆಗಳಿಗೆ ಭೇಟಿ ಕೊಟ್ಟರು. ಆರೈಕೆ ಮಾಡುವವರ ಮಾನಸಿಕ ಒತ್ತಡ ಗಮನಾರ್ಹವಾಗಿ ಇಳಿಯಿತು. ದೊಡ್ಡ ಪದವಿಯವರೇ ಬೇಕೆಂದಿಲ್ಲ, ಊರವರಿಗೇ ಕಲಿಸಿ ಕೆಲಸ ತೆಗೆಯಬಹುದು ಎಂಬುದಕ್ಕೆ ಇದು ಆಧಾರ. ಬೆಂಗಳೂರಿನಲ್ಲಿ 1998ರಿಂದ ಕೆಲಸ ಮಾಡುತ್ತಿರುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರ ಹಗಲು ಆರೈಕೆಯಲ್ಲಿ ಪಳಗಿದೆ. ನಿಮ್ಹಾನ್ಸ್ ಮಾನಸಿಕ ಪುನರ್ವಸತಿಗಾಗಿ ಹಗಲು ಕೇಂದ್ರ ನಡೆಸುತ್ತದೆ. ಸಿಬ್ಬಂದಿಯ ತರಬೇತಿಗೆ ಇಂಥ ಸಂಸ್ಥೆಗಳ ಅನುಭವ ಬಳಸಿಕೊಳ್ಳಬಹುದು.

ವಾಹನ ಮೊದಲು, ಕಟ್ಟಡ ನಂತರ

ಮೂರ್ನಾಡಿನಲ್ಲಿ ಕೇಂದ್ರದ ಯಶಸ್ಸನ್ನು ನಿರ್ಧರಿಸುವುದು ರಸ್ತೆ. ಸರ್ಕಾರಿ ಬಸ್‌ಗಳಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಆದರೆ ಕೊಡಗಿನ ಒಳರಸ್ತೆಗಳಲ್ಲಿ ಓಡುವ ಖಾಸಗಿ ಬಸ್‌ಗಳಿಗೆ ಅದು ಅನ್ವಯಿಸದು, ಆ ಬಸ್‌ಗಳ ಮೆಟ್ಟಿಲನ್ನು ಗಾಲಿಕುರ್ಚಿ ಹತ್ತದು. ಉಳಿದದ್ದು ಜೀಪು ಅಥವಾ ಆಟೋ ಬಾಡಿಗೆ. ದಿನಗೂಲಿಯ ಮನೆಗೆ ಅದು ಕೈಗೆಟುಕದು.

ಹೀಗಾಗಿ ಮೊದಲ ಖರ್ಚು ಮೆಟ್ಟಿಲಿನ ಬದಲು ಇಳಿಜಾರು ಹಲಗೆ ಇರುವ ಒಂದು ಸಣ್ಣ ವಾಹನಕ್ಕೆ ಹೋಗಬೇಕು. ಮೂರು ದಿಕ್ಕಿನ ರಸ್ತೆಗಳನ್ನು ಮೂರು ಸರದಿಯಾಗಿ ಹಂಚಿಕೊಂಡು, ಒಂದು ದಿಕ್ಕಿನ ಮನೆಗಳಿಗೆ ವಾರದಲ್ಲಿ ಎರಡು ನಿಗದಿತ ದಿನ ಎಂದು ಗೊತ್ತುಮಾಡಿದರೆ ಒಂದೇ ವಾಹನ ಸಾಕಾಗುತ್ತದೆ. ಪ್ರತಿದಿನ ಬರುವೆನೆಂದು ಹೇಳಿ ಆಗಾಗ ತಪ್ಪಿಸುವ ವಾಹನಕ್ಕಿಂತ, ವಾರಕ್ಕೆ ಎರಡೇ ದಿನ ಆದರೂ ತಪ್ಪದೆ ಬರುವ ವಾಹನದಿಂದ ಉಪಯೋಗ ಹೆಚ್ಚು. ದಿನ ಗೊತ್ತಿದ್ದರೆ ಕೂಲಿಗೆ ಹೋಗುವವರು ಮೇಸ್ತ್ರಿಗೆ ಮೊದಲೇ ಹೇಳಬಹುದು, ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿಯ ಕೆಲಸ ಹೊಂದಿಸಿಕೊಳ್ಳಬಹುದು. ಆನೆ ಓಡಾಟವಿರುವ ದಾರಿಗಳಲ್ಲಿ ಮುಂಜಾನೆ, ಮುಸ್ಸಂಜೆ ಸಂಚಾರ ಅಪಾಯ. ಆದ್ದರಿಂದ ಒಂಬತ್ತರ ನಂತರ ಹೊರಟು ಐದರೊಳಗೆ ಎಲ್ಲರನ್ನೂ ಮನೆ ಸೇರಿಸುವ ವೇಳೆ ಇಲ್ಲಿಗೆ ಸರಿ.

ಕಟ್ಟಡ ಹೊಸದೇ ಆಗಬೇಕಿಲ್ಲ. ಮಕ್ಕಳ ಸಂಖ್ಯೆ ಕುಸಿದು ಖಾಲಿಯಾದ ಶಾಲಾ ಕೊಠಡಿ, ಪಂಚಾಯಿತಿಯ ಸಮುದಾಯ ಭವನ, ಬಳಕೆಯಿಲ್ಲದ ಸರ್ಕಾರಿ ವಸತಿಗೃಹ, ಯಾವುದಾದರೂ ಆದೀತು. ನೋಡಬೇಕಾದದ್ದು ಬೇರೆ: ವಾಹನ ಬಾಗಿಲವರೆಗೆ ಬರುತ್ತದೆಯೇ, ಶೌಚಾಲಯದಲ್ಲಿ ಗಾಲಿಕುರ್ಚಿ ತಿರುಗುವಷ್ಟು ಜಾಗ, ಹಿಡಿಕೆ, ಬಿಸಿನೀರು ಇದೆಯೇ, ನೆಲ ಜಾರುತ್ತದೆಯೇ, ಮಳೆಗಾಲದಲ್ಲಿ ಒಣಗಿದ ಬೆಚ್ಚನೆಯ ಕೋಣೆ ಇರುತ್ತದೆಯೇ, ಅಲೆಯುವ ಅಭ್ಯಾಸದ ಹಿರಿಯರು ರಸ್ತೆಗೆ ಇಳಿಯದಂತೆ ಬೇಲಿ ಹಾಕಿದ ಅಂಗಳವಿದೆಯೇ.

ಅದೇ ಮುಖ: ಹಗಲಲ್ಲಿ, ಮನೆಯಲ್ಲಿ, ರಾತ್ರಿಯಲ್ಲಿ

2000ದಲ್ಲಿ ದೀರ್ಘಾವಧಿ ಆರೈಕೆ ವಿಮೆ ತಂದ ಜಪಾನ್, 2006ರಲ್ಲಿ ಸಣ್ಣ ಬಹೂಪಯೋಗಿ ಕೇಂದ್ರಗಳೆಂಬ ಹೊಸ ಮಾದರಿ ಹುಟ್ಟುಹಾಕಿತು. ಒಂದು ಕೇಂದ್ರದಲ್ಲಿ ನೋಂದಣಿ ಗರಿಷ್ಠ 29 ಮಂದಿಗೆ. ಒಂದು ರಾತ್ರಿ ತಂಗಲು ಅವಕಾಶ 9 ಮಂದಿಗೆ. ಹಗಲು ಆರೈಕೆ, ಮನೆಭೇಟಿ, ರಾತ್ರಿ ತಂಗುವಿಕೆ ಮೂರನ್ನೂ ಒಂದೇ ಸಿಬ್ಬಂದಿ ನಿಭಾಯಿಸುತ್ತಾರೆ. ಮರೆವಿನ ಕಾಯಿಲೆಯವರು ಹೊಸ ಮುಖ, ಹೊಸ ಜಾಗಕ್ಕೆ ಬೆದರುತ್ತಾರೆ. ಹಗಲಲ್ಲಿ ಕಂಡವರೇ ಮನೆಗೂ ಬಂದರೆ, ರಾತ್ರಿಯೂ ಇದ್ದರೆ ಆ ಬೆದರಿಕೆ ಕಡಿಮೆ. ಆಟಿಸಂ ಇರುವವರಿಗೂ ಈ ಮಾತು ಹೊಂದುತ್ತದೆ.

ಮೂರ್ನಾಡಿನಂಥ ಊರಿಗೆ ಈ ಅಳತೆ ಒಗ್ಗುತ್ತದೆ. ಸುಮಾರು ಮೂವತ್ತು ಕುಟುಂಬಗಳ ನೋಂದಣಿ, ಒಂದು ಹಗಲಿಗೆ ಹದಿನೈದು ಜನ, ರಾತ್ರಿಗೆ ಮೂರು ನಾಲ್ಕು ಹಾಸಿಗೆ ಎಂದು ಸಣ್ಣದಾಗಿ ಶುರುಮಾಡಬಹುದು. ಕೊಯ್ಲಿನ ತಿಂಗಳುಗಳಲ್ಲಿ ಹಗಲು ಸೇವೆಯ ದಿನಗಳನ್ನು ಹೆಚ್ಚಿಸಿ, ಮಳೆಗಾಲದಲ್ಲಿ ಅದೇ ಸಿಬ್ಬಂದಿಯನ್ನು ಮನೆಭೇಟಿಗೆ ಕಳಿಸಬಹುದು. ರಾತ್ರಿ ಹಾಸಿಗೆಗಳಲ್ಲಿ ಒಂದನ್ನು ತುರ್ತಿಗೆ ಖಾಲಿ ಇಡುವುದು ಅಗತ್ಯ: ಆರೈಕೆ ಮಾಡುವವರೇ ಜ್ವರ ಬಂದು ಮಲಗಿದರೆ, ಹೆರಿಗೆಗೆ ಹೋದರೆ, ಮನೆಯಲ್ಲಿ ಸಾವಾದರೆ ಮೊದಲೇ ಅರ್ಜಿ ಹಾಕಿ ಕಾಯುವ ಪರಿಸ್ಥಿತಿ ಇರುವುದಿಲ್ಲ. ಹುತ್ತರಿ, ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಓಣಂ, ಈದ್, ಕ್ರಿಸ್ಮಸ್‌ನಂಥ ದಿನಗಳಿಗೆ ಮಾತ್ರ ಸರದಿ ಪಟ್ಟಿ ಮೊದಲೇ ಹಾಕಬೇಕಾಗುತ್ತದೆ.

ರಾತ್ರಿ ತಂಗುವಿಕೆ ಮೊದಲ ದಿನವೇ ಆಗುವಂಥದ್ದಲ್ಲ. ಮೊದಲು ಕಾರ್ಯಕರ್ತೆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದು, ಆಮೇಲೆ ಮನೆಯವರ ಜೊತೆ ಅರ್ಧ ದಿನ ಕೇಂದ್ರದಲ್ಲಿ, ಅನಂತರ ಒಬ್ಬರೇ ಇಡೀ ಹಗಲು, ಕೊನೆಗೆ ಒಂದು ರಾತ್ರಿ ಎಂಬ ಮೆಟ್ಟಿಲುಗಳಿದ್ದರೆ ಇಬ್ಬರಿಗೂ ಧೈರ್ಯ ಬರುತ್ತದೆ. 'ಅತ್ತೆಯನ್ನು ಬಿಟ್ಟುಬಂದಳು' ಎಂಬ ಊರಿನ ಮಾತಿಗೆ ಹೆದರಿ ಸೇವೆಯನ್ನು ಬಳಸದವರು ಇರುತ್ತಾರೆ. ಆಸ್ಪತ್ರೆಯ ವೈದ್ಯರೇ ಚೀಟಿಯಲ್ಲಿ ವಾರಕ್ಕೆರಡು ದಿನ ಹಗಲು ಆರೈಕೆ ಎಂದು ಬರೆದುಕೊಟ್ಟರೆ ಆ ಮಾತಿನ ಮೊನೆ ಮುರಿಯುತ್ತದೆ.

ಎಲ್ಲ ಗುಂಪಿನವರನ್ನೂ ಒಂದೇ ಕೋಣೆಯಲ್ಲಿ ಕೂಡಿಸುವುದು ಸರಿಯಲ್ಲ. ಜೋರಾಗಿ ಕೂಗುವ ಯುವಕನ ಪಕ್ಕದಲ್ಲಿ ಸದ್ದಿಗೆ ಬೆಚ್ಚುವ ಅಜ್ಜಿ ಇದ್ದರೆ ಇಬ್ಬರಿಗೂ ಹಿಂಸೆ. ಹಿರಿಯರಿಗೆ, ಯುವ ವಿಕಲಚೇತನರಿಗೆ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಬೇರೆ ಬೇರೆ ದಿನಗಳನ್ನು ಹಂಚಿ, ವಾಹನ, ಅಡುಗೆಮನೆ, ಫಿಸಿಯೋಥೆರಪಿ ಕೋಣೆಗಳನ್ನು ಎಲ್ಲರಿಗೂ ಸಾಮಾನ್ಯವಾಗಿಡುವುದು ಸಣ್ಣ ಊರಿಗೆ ಮಿತವ್ಯಯದ ದಾರಿ.

ದಿನಚರಿ, ಮಾತು, ಊಟ

ಸುಮ್ಮನೆ ಕುರ್ಚಿಯಲ್ಲಿ ಕೂರಿಸಿ ಟಿ.ವಿ. ಹಚ್ಚಿಡುವುದು ಆರೈಕೆಯಲ್ಲ. ಗದ್ದೆ ತೋಟದಲ್ಲಿ ದುಡಿದ ಹಿರಿಯರಿಗೆ ಕೈಕೆಲಸವೇ ಔಷಧ: ಅವರೆ ಸುಲಿಯುವುದು, ಏಲಕ್ಕಿ ಬಿಡಿಸುವುದು, ಕರಿಮೆಣಸು ಆರಿಸುವುದು, ನರ್ಸರಿಯ ಪ್ಯಾಕೆಟ್‌ಗೆ ಮಣ್ಣು ತುಂಬುವುದು. ಯುವಕರಿಗೆ ಇದೇ ಕೆಲಸಗಳು ತರಬೇತಿಯಾಗಿ ಸಣ್ಣ ಆದಾಯವನ್ನೂ ತರಬಲ್ಲವು. ಅಂಥ ಕಡೆ ದುಡಿದವರಿಗೆ ಹಣ ಸಲ್ಲಬೇಕು, ಕೇಂದ್ರಕ್ಕಲ್ಲ. ಬೆಳಿಗ್ಗೆ ವ್ಯಾಯಾಮ, ಒಂದು ಹೊತ್ತಿನ ಬಿಸಿಯೂಟ, ಮಧ್ಯಾಹ್ನದ ವಿಶ್ರಾಂತಿ, ಸಂಜೆಗೆ ಕಾಫಿ ತಿಂಡಿ ಎಂಬ ಬದಲಾಗದ ಕ್ರಮ ಮರೆವಿನವರಿಗೆ ದಿನದ ಹಿಡಿತ ಕೊಡುತ್ತದೆ.

ಭಾಷೆಯ ಪ್ರಶ್ನೆ ಕೊಡಗಿನಲ್ಲಿ ದೊಡ್ಡದು. ಮೂರ್ನಾಡಿನ ಸುತ್ತ ಕೊಡವ ತಕ್ಕ್, ಕನ್ನಡ, ಅರೆಭಾಷೆ, ಮಲಯಾಳಂ, ತುಳು, ತಮಿಳು, ಎರವ ಭಾಷೆಗಳು ಮನೆಮಾತುಗಳು. ಮರೆವಿನ ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಬಾಲ್ಯದ ಮಾತು ಕೊನೆಯವರೆಗೆ ಉಳಿಯುವುದುಂಟು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕೊಡವ ತಕ್ಕ್‌ನಲ್ಲಿ ಉತ್ತರ ಬಂದಾಗ ಅರ್ಥವಾಗುವವರು ಎದುರಿಗಿರಬೇಕು. ಸಿಬ್ಬಂದಿಯನ್ನು ಊರಿನಿಂದಲೇ, ಬೇರೆ ಬೇರೆ ಮನೆಮಾತಿನವರಿಂದ ಆಯ್ದರೆ ಇದಕ್ಕೆ ಪರಿಹಾರ ತಾನಾಗಿ ಸಿಗುತ್ತದೆ. ಊಟದಲ್ಲೂ ಹಾಗೆಯೇ: ಗಂಜಿ, ಅಕ್ಕಿ ರೊಟ್ಟಿ, ಕಡಂಬುಟ್ಟು ಪರಿಚಿತ ರುಚಿಗಳು. ನುಂಗಲು ಕಷ್ಟವಿರುವವರಿಗೆ ಮೆದುವಾಗಿ ಅರೆದ ಊಟ, ಮಧುಮೇಹಿಗಳಿಗೆ ಬೇರೆ ಅಳತೆ ಎಂಬುದನ್ನು ಅಡುಗೆಯವರಿಗೂ ಕಲಿಸಬೇಕು.

ಕೆಲಸದ ಕೈಗಳು, ಹಣದ ಮೂಲ

ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಉದ್ಯೋಗ ಖಾತ್ರಿ ಕೂಲಿಕಾರರ ಪುಟ್ಟ ಮಕ್ಕಳನ್ನು, ಅದೇ ಊರಿನ ತರಬೇತಿ ಪಡೆದ ಮಹಿಳೆಯರು ಸರದಿಯಂತೆ ನೋಡಿಕೊಳ್ಳುವ ಯೋಜನೆ ಅದು. ಅದಕ್ಕೂ ಹಿಂದೆ, 1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟಗಳಲ್ಲಿ ಶಿಶುಮಂದಿರ ಇರಬೇಕೆಂದು ವಿಧಿಸಿತ್ತು. ದುಡಿಯುವವರಿಗೆ ಬಿಡುವು ಬೇಕೆಂಬ ತತ್ತ್ವ ಮಕ್ಕಳ ವಿಷಯದಲ್ಲಿ ಕಾನೂನಿಗೂ ಆಡಳಿತಕ್ಕೂ ಒಪ್ಪಿಗೆಯಾಗಿದೆ. ಅದೇ ತತ್ತ್ವವನ್ನು ಹಿರಿಯರಿಗೂ ವಿಕಲಚೇತನರಿಗೂ ಹಿಗ್ಗಿಸುವುದಷ್ಟೇ ಬಾಕಿ.

ಕೈಗಳೂ ಊರಲ್ಲೇ ಇವೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಗೊತ್ತು. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಮನೆಗಳ ಒಳಹೊರಗು ತಿಳಿದಿದೆ. ಸಂಜೀವಿನಿ ಒಕ್ಕೂಟದ ಸ್ವಸಹಾಯ ಗುಂಪುಗಳು ಅಡುಗೆ, ಆರೈಕೆಯ ಕೆಲಸ ವಹಿಸಿಕೊಳ್ಳಬಲ್ಲವು. ಆಶಾ, ಅಂಗನವಾಡಿಯವರ ಹೆಗಲಿಗೆ ಇನ್ನೊಂದು ಗೌರವಧನದ ಕೆಲಸ ಹೇರದೆ, ಆರೈಕೆ ಕಾರ್ಯಕರ್ತೆಯರನ್ನು ಪ್ರತ್ಯೇಕವಾಗಿ, ತಿಂಗಳ ಸಂಬಳಕ್ಕೆ ನೇಮಿಸುವುದು ಮುಖ್ಯ. ಕೊಯ್ಲಿನ ಕಾಲದ ತೋಟದ ಕೂಲಿಗಿಂತ ಕಡಿಮೆ ಸಂಬಳವಿದ್ದರೆ ತರಬೇತಿ ಪಡೆದವರೂ ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟು ಹೋಗುತ್ತಾರೆ. ಕೇಂದ್ರಕ್ಕೆ ಬೇಡಿಕೆ ಹೆಚ್ಚಿರುವುದೂ ಆಗಲೇ.

ಒಂದೇ ಇಲಾಖೆಯ ಹಣದಿಂದ ಇದು ನಡೆಯದು. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ವರಮಾನದ ಶೇ 5ನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ. ಒಂದು ಪಂಚಾಯಿತಿಯ ಪಾಲು ಸಣ್ಣದು. ಹಾಗಾಗಿ ಅದು ಒಂದೆರಡು ಸಾಧನ, ನೆರವಿನ ಚೆಕ್ಕುಗಳಲ್ಲಿ ಹಂಚಿಹೋಗುತ್ತದೆ. ಸುತ್ತಲಿನ ನಾಲ್ಕೈದು ಪಂಚಾಯಿತಿಗಳು ಅದನ್ನು ಒಟ್ಟುಮಾಡಿದರೆ ವಾಹನದ ಖರ್ಚಿಗೆ ಆಧಾರವಾದೀತು. ಸಂಬಳಕ್ಕೆ ರಾಷ್ಟ್ರೀಯ ನ್ಯಾಸ ಮತ್ತು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯೋಜನೆಗಳು, ವೈದ್ಯಕೀಯ ಭೇಟಿಗೆ ಆರೋಗ್ಯ ಇಲಾಖೆ, ಉಪಕರಣಕ್ಕೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಎಂದು ಬಾಬುಗಳನ್ನು ಬೇರ್ಪಡಿಸಬಹುದು. ಅನುಕೂಲವಿರುವ ಮನೆಗಳಿಂದ ಶುಲ್ಕ ಪಡೆಯುವುದು ತಪ್ಪಲ್ಲ, ಅದರಿಂದ ಉಚಿತವಾಗಿ ಬರುವವರ ಜಾಗ ಕಡಿಮೆಯಾಗಬಾರದು ಅಷ್ಟೆ.

ಸುರಕ್ಷತೆ, ಒಪ್ಪಿಗೆ

ಮಾತಾಡಲಾಗದವರನ್ನು ಬೇರೆಯವರ ಕೈಗೆ ಒಪ್ಪಿಸುವಾಗ ಮನೆಯವರ ಭಯ ಸಹಜ. ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ಸ್ನಾನ ಶೌಚದ ಆರೈಕೆಗೆ ಅದೇ ಲಿಂಗದವರು, ಒಬ್ಬರೇ ಸಿಬ್ಬಂದಿ ಮುಚ್ಚಿದ ಕೋಣೆಯಲ್ಲಿರಬಾರದೆಂಬ ನಿಯಮ, ಬಂದಾಗ ಹೋಗುವಾಗ ಮೈಮೇಲಿನ ಗಾಯದ ದಾಖಲೆ, ಔಷಧ ಕೊಟ್ಟ ಹೊತ್ತಿನ ಪುಸ್ತಕ ಇವು ಕನಿಷ್ಠ ಏರ್ಪಾಡು. ಕಟ್ಟಿಹಾಕುವುದು, ನಿದ್ದೆ ಮಾತ್ರೆ ಕೊಟ್ಟು ಮಲಗಿಸುವುದು ಆರೈಕೆಯ ಉಪಾಯಗಳಾಗಬಾರದು. ದೂರುಗಳನ್ನು ಕೇಂದ್ರ ನಡೆಸುವವರೇ ವಿಚಾರಿಸದೆ ಹೊರಗಿನ ಸಮಿತಿ ನೋಡಬೇಕು. ಕೇಂದ್ರಕ್ಕೆ ಬರಲು ಮನೆಯವರ ಸಹಿ ಒಂದೇ ಸಾಲದು. ಬರುವವರ ಇಷ್ಟಾನಿಷ್ಟವನ್ನೂ, ಅವರು ಅದನ್ನು ತೋರಿಸುವ ರೀತಿಯಲ್ಲೇ ಅರಿತು ಬರೆದಿಡಬೇಕು.

2018 ಮತ್ತು 2019ರ ಆಗಸ್ಟ್‌ಗಳ ಪ್ರವಾಹ, ಭೂಕುಸಿತಗಳು ಕೊಡಗಿಗೆ ಇನ್ನೊಂದು ಕೆಲಸ ಒಪ್ಪಿಸಿವೆ. ತಾವಾಗಿ ನಡೆದು ಹೊರಬರಲಾಗದವರು ಯಾವ ಮನೆಯಲ್ಲಿದ್ದಾರೆ, ಯಾರಿಗೆ ಆಕ್ಸಿಜನ್, ಯಾರಿಗೆ ದಿನನಿತ್ಯದ ಔಷಧ ಬೇಕು ಎಂಬ ಪಟ್ಟಿ ಮಳೆಗೆ ಮೊದಲೇ ತಾಲ್ಲೂಕು ಆಡಳಿತದ ಕೈಯಲ್ಲಿರಬೇಕು. ಮೂವತ್ತು ಕುಟುಂಬಗಳ ನೋಂದಣಿ ಇರುವ ಕೇಂದ್ರ ಆ ಪಟ್ಟಿಯನ್ನು ತಾಜಾ ಇಡಬಲ್ಲದು. ಮಳೆ ಜೋರಾದಾಗ ತಗ್ಗಿನ ಮನೆಗಳವರನ್ನು ಮುಂಚಿತವಾಗಿ ಕರೆತಂದು ಉಳಿಸಿಕೊಳ್ಳಲೂ ಬಲ್ಲದು.

ಫಲವನ್ನು ಅಳೆಯುವ ಬಗೆ

ಬಿಡುವಿನ ಆರೈಕೆಯ ಪರಿಣಾಮ ಕುರಿತ ಸಂಶೋಧನೆ ಇನ್ನೂ ಗಟ್ಟಿಯಾಗಿಲ್ಲ. ಡಿಮೆನ್ಷಿಯಾ ಆರೈಕೆದಾರರ ಬಗ್ಗೆ 2014ರಲ್ಲಿ ಪ್ರಕಟವಾದ ಕೊಕ್ರೇನ್ ಪರಿಶೀಲನೆ, ಲಾಭ ಇದೆ ಅಥವಾ ಇಲ್ಲ ಎನ್ನಲು ಸಾಕಷ್ಟು ಒಳ್ಳೆಯ ಪ್ರಯೋಗಗಳೇ ನಡೆದಿಲ್ಲ ಎಂದಿತು. ಅದೇ ವರ್ಷ ಅಮೆರಿಕದಲ್ಲಿ ಸ್ಟೀವನ್ ಝಾರಿಟ್ ಮತ್ತು ಸಂಗಡಿಗರು, ಹಗಲು ಆರೈಕೆ ಬಳಸಿದ ದಿನ ಮತ್ತು ಬಳಸದ ದಿನಗಳನ್ನು ಹೋಲಿಸಿ, ಬಳಸಿದ ದಿನಗಳಲ್ಲಿ ಆರೈಕೆದಾರರಿಗೆ ಎದುರಾದ, ಆರೈಕೆಗೆ ಸಂಬಂಧಿಸಿದ ಒತ್ತಡದ ಪ್ರಸಂಗಗಳು ಕಡಿಮೆ ಎಂದು ಕಂಡರು. ಹಾಗಾಗಿ ಹೊಸ ಕೇಂದ್ರ ತನ್ನ ಫಲವನ್ನು ತಾನೇ ದಾಖಲಿಸಿಕೊಳ್ಳುತ್ತ ಹೋಗಬೇಕು. ಆರೈಕೆಯ ಹೊರೆ ಅಳೆಯಲು ಝಾರಿಟ್ 1980ರಲ್ಲಿ ರೂಪಿಸಿದ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನೋಂದಣಿಯ ದಿನ ಮತ್ತು ಆರು ತಿಂಗಳಿಗೊಮ್ಮೆ ಅದನ್ನು ಕೇಳಿದರೆ ಬದಲಾವಣೆ ತಿಳಿಯುತ್ತದೆ.

ಅದರ ಜೊತೆಗೆ ಐದು ಸರಳ ಲೆಕ್ಕಗಳು ಸಾಕು. ಪ್ರತಿ ಆರೈಕೆದಾರರಿಗೆ ತಿಂಗಳಲ್ಲಿ ನಿಜವಾಗಿ ಸಿಕ್ಕ ಬಿಡುವಿನ ಗಂಟೆಗಳು. ಹೇಳಿದ ದಿನ ವಾಹನ ಬಾರದಿದ್ದ ಸಲಗಳು. ತುರ್ತು ಹಾಸಿಗೆ ಕೇಳಿ ಸಿಗದವರ ಸಂಖ್ಯೆ. ಬಂದವರಲ್ಲಿ ಬಿದ್ದವರು, ಹುಣ್ಣಾದವರು, ತೂಕ ಇಳಿದವರು. ಲೈನ್ ಮನೆ, ಪೈಸಾರಿ, ಹಾಡಿಗಳಿಂದ ಬಂದವರ ಪಾಲು. ಕೊನೆಯ ಲೆಕ್ಕ ಇಲ್ಲದಿದ್ದರೆ ಪೇಟೆಗೆ ಹತ್ತಿರವಿರುವ, ಅರ್ಜಿ ಬರೆಯಬಲ್ಲ ಮನೆಗಳೇ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ.

ಕೆಲಸದ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ಪುನರ್ವಸತಿ ಕಾರ್ಯಕರ್ತರು ಮತ್ತು ಆಶಾಗಳ ನೆರವಿನಿಂದ ಮನೆಮನೆಯ ಪಟ್ಟಿ. ಎರಡನೆಯದಾಗಿ ಹತ್ತು ಕುಟುಂಬಗಳಿಗೆ ಮನೆಭೇಟಿ ಸೇವೆ ಮತ್ತು ಬಾಡಿಗೆ ವಾಹನದಲ್ಲಿ ವಾರಕ್ಕೆರಡು ಹಗಲು. ಒಂದು ಕೊಯ್ಲು, ಒಂದು ಮಳೆಗಾಲ ಪೂರ್ತಿ ನಡೆದ ಮೇಲೆ ಲೆಕ್ಕಗಳ ಪರಿಶೀಲನೆ. ಆಮೇಲೆ ರಾತ್ರಿ ಹಾಸಿಗೆ, ಸ್ವಂತ ವಾಹನ, ಕಟ್ಟಡದ ದುರಸ್ತಿ. ಮೂರ್ನಾಡಿನಲ್ಲಿ ಇದು ನೆಲೆಗೊಂಡರೆ ನಾಪೋಕ್ಲು, ಸಿದ್ದಾಪುರ, ಪೊನ್ನಂಪೇಟೆಯಂಥ ಪೇಟೆಗಳಲ್ಲಿ ಅದೇ ಅಳತೆಯ ಬೇರೆ ಬೇರೆ ಕೇಂದ್ರಗಳನ್ನು ತೆರೆಯಬೇಕೇ ಹೊರತು ಒಂದನ್ನೇ ದೊಡ್ಡದು ಮಾಡಬಾರದು. ಕೇಂದ್ರ ದೊಡ್ಡದಾದಷ್ಟೂ ದಾರಿ ದೂರವಾಗುತ್ತದೆ, ದಾರಿಯಲ್ಲಿ ಕಳೆದ ಸಮಯ ಆರೈಕೆದಾರರ ಬಿಡುವಿನಿಂದಲೇ ಕಡಿತವಾಗುತ್ತದೆ.